ಯಾರ ಬಾಕಿ

ನನ್ನ ಖಾತೆ ಪುಸ್ತಕದಲ್ಲಿ ಅವನಿಗೆ ಮೂರು ಹೆಸರು:
ಹಾಲ್ಮಿ, ಹಲ್ಮೆ, ಒಮ್ಮೆ ಸಿಟ್ಟಿನಲ್ಲಿ ಬರೀ ‘ಹಂಗೇರಿಯವನು’.
ಹಲ್ಮಾಯ್ ಎನ್ನಬೇಕಿತ್ತಂತೆ.
ಸತ್ತ ಸುದ್ದಿ ತಂದ ಕಾಗದ ನೋಡಿ ತಿಳಿಯಿತು.

ರಾರಿಟನ್ ಹೊಳೆ ಹೆಪ್ಪುಗಟ್ಟಿದ್ದ ಜನವರಿ.
ನನ್ನ ಛತ್ರದ ಬಾಗಿಲಲ್ಲಿ ನಿಂತಿದ್ದ, ಮೀಸೆ ತುಂಬ ಹಿಮ,
ತುಪ್ಪಳದ ನಿಲುವಂಗಿ ಒಂದೇ ಹೆಗಲಿಗೆ.
ಇನ್ನೊಂದು ತೋಳು ಹರಿದಿದೆಯೇನೋ, ಕೊಡು ಹೊಲಿಯುತ್ತೇನೆ, ಎಂದೆ.
ನಕ್ಕ.
ಅವನ ದೇಶದ ಸವಾರರು ಹಾಗೇ ಹಾಕುವುದಂತೆ.

ಊಟ, ಹಾಸಿಗೆ, ಓಟ್ಸು, ಮೋಂಬತ್ತಿ,
ಎಲ್ಲಕ್ಕೂ ಕಾಂಗ್ರೆಸ್ಸಿನ ನೋಟು ಎಣಿಸಿದ.
ಅವುಗಳಿಂದ ನಾನು ಕಿಟಕಿಯ ಸಂದು ಮುಚ್ಚಿದೆ.
ಗಾಳಿ ತಡೆದವು, ಸುಳ್ಳು ಹೇಳಬಾರದು.

ಅವನಿಗೆ ಕೊಟ್ಟ ಪಡೆಯೋ!
ಪೀಪಾಯಿ ಮಾಡುವವನ ಮಗ, ಗಿರಣಿಯ ಇಬ್ಬರು ಹುಡುಗರು,
ನನ್ನ ಕೊರ್ನೀಲ್,
ನಿನ್ನೆಯ ತನಕ ನೇಗಿಲು ಎಳೆದ ಕುದುರೆಗಳು.
ಲಶ್ಶನ್ ಎಂದರೆ ನಿಧಾನ.
ಆಯ್ ಎಂದರೆ ನಿಲ್ಲು.
ಹುಡುಗರ ನಾಲಿಗೆಗೆ ಹತ್ತಲಿಲ್ಲ, ಕುದುರೆಗಳ ಕಿವಿಗೆ ಹತ್ತಿತು,
ಮತ್ತೆ ಕ್ವಾಕೊಗೆ.
ಅವನು ಲದ್ದಿ ಬಾಚುತ್ತಲೇ ಕಲಿತ.
ಕಲಿಸಿದವರಿಲ್ಲ.

ಒಂದು ರಾತ್ರಿ ತನ್ನ ಬಾಕಿ ನೋಡಬೇಕೆಂದು ಪುಸ್ತಕ ಕೇಳಿದ.
ತಪ್ಪು ಪುಟ ತೆರೆದ.
ಗಂಡ ಹೋದ ವರ್ಷ ಬರೆಸಿದ ಆಸ್ತಿಯ ಪಟ್ಟಿ ಅದು:
ಕಪ್ಪು ಹೆಣ್ಗುದುರೆ ಒಂದು, ಜೀನು ಎರಡು,
ಸೇಬಿನ ಹೆಂಡ ಐದು ಪೀಪಾಯಿ, ಕ್ವಾಕೊ.
ಬೆರಳು ಅಲ್ಲಿ ನಿಂತಿತು.
ಇದೇನು, ಎಂದ, ಅವನ ಹರಕು ಡಚ್ಚಿನಲ್ಲಿ.
ಲೆಕ್ಕ, ಎಂದೆ.

ತನ್ನ ಅಪ್ಪನ ಮನೆಯಲ್ಲೂ ಇಂಥದೇ ಪುಸ್ತಕವಿತ್ತಂತೆ,
ಅಲ್ಲಿ ಹೊಲದ ಅಳತೆಯ ಕೆಳಗೆ ಉಳುವವರ ಹೆಸರು.
ಅದನ್ನು ಸಹಿಸದೆ ಕಡಲು ದಾಟಿದೆ ಎನ್ನಲಿಲ್ಲ.
ಇಸ್ಪೀಟಿನ ಸಾಲಕ್ಕೆ ಹೆದರಿ ಓಡಿಬಂದವನು ಎಂದು ಕೊರ್ನೀಲ್ ಹೇಳುತ್ತಿದ್ದ.
ಎರಡೂ ನಿಜವಿದ್ದೀತು.
ಒಂದೇ ಹಡಗಿನಲ್ಲಿ ಎಷ್ಟೋ ಕಾರಣಗಳು ಬರುತ್ತವೆ.

ಬೆಳಿಗ್ಗೆ ಮೇಜಿನ ಮೇಲೊಂದು ಕಾಗದ:
ನನಗೆ ಬರಬೇಕಾದ ಸಂಬಳದಿಂದ ಕ್ವಾಕೊನ ಬೆಲೆ.
ಕೆಳಗೆ ಸಹಿ, ಕುದುರೆ ಬಾಲ ಬೀಸಿದ ಹಾಗೆ.
ಮಡಿಸಿ ಉಪ್ಪಿನ ಪೆಟ್ಟಿಗೆಯಲ್ಲಿಟ್ಟೆ.
ಅಂದೇ ಪಡೆ ದಕ್ಷಿಣಕ್ಕೆ ಹೊರಟಿತು,
ಕೊರ್ನೀಲ್ ನನ್ನ ಕಪ್ಪು ಕುದುರೆ ಏರಿದ್ದ.

ಕ್ಯಾರೊಲೈನಾದ ಯಾವುದೋ ಕಡವು, ಎದೆಮಟ್ಟದ ನೀರು.
ಹುಡುಗರು ಮುಂದಕ್ಕೆ ನುಗ್ಗಿದರಂತೆ.
ಲಶ್ಶನ್, ಲಶ್ಶನ್, ಎನ್ನುತ್ತಲೇ
ನೀರಿಗೆ ಬಿದ್ದನಂತೆ.
ಕೊರ್ನೀಲ್ ಅಷ್ಟೇ ಹೇಳಿದ್ದು. ಮತ್ತೆ ಕೇಳಿಲ್ಲ.

ಗೆದ್ದೆವು. ಗಂಟೆ ಬಾರಿಸಿದರು.
ಪುಸ್ತಕ, ಕಾಗದ ಎರಡನ್ನೂ ಕಟ್ಟಿಕೊಂಡು ಫಿಲಡೆಲ್ಫಿಯಾಕ್ಕೆ ಹೋದೆ.
ಗುಮಾಸ್ತ ಕನ್ನಡಕ ಒರೆಸಿದ:
ನಮ್ಮ ಪಟ್ಟಿಯಲ್ಲಿ ಹೋಲ್ಮನ್ ಎಂದಿದೆ,
ನಿಮ್ಮ ಪುಸ್ತಕದಲ್ಲಿ ಮೂವರಿದ್ದಾರೆ,
ಯಾರ ಬಾಕಿ ಕೇಳಲು ಬಂದಿರಿ, ತಾಯಿ?
ನನ್ನದೇ ಕೈಬರಹ.

ಆ ದುಡ್ಡಿಲ್ಲದೆಯೂ ಮಾಡಬಹುದಾಗಿದ್ದ ಕೆಲಸ ಅದು.
ಗೊತ್ತಿತ್ತು.
ಆ ವರ್ಷ ಸೂರು ಹೊದಿಸುವುದಿತ್ತು, ಮುಂದಿನ ವರ್ಷ ಕೊರ್ನೀಲನ ಮದುವೆ,
ಆಮೇಲಿನ ವರ್ಷದ ನೆಪ ನೆನಪಿಲ್ಲ.

ಏಪ್ರಿಲ್. ಕೆಳಗಿನ ಹೊಲದಲ್ಲಿ ಉಳುಮೆ.
ಮುದಿ ಕುದುರೆ ನನ್ನ ಮಾತು ಕೇಳುವುದಿಲ್ಲ, ಕೊರ್ನೀಲನದೂ.
ಕ್ವಾಕೊ ಹಿಂದಿನಿಂದ ಲಶ್ಶನ್ ಎಂದರೆ
ಸಾಲು ದಾರ ಹಿಡಿದಂತೆ ಬರುತ್ತದೆ.

ಬುತ್ತಿ ಕೊಡಲು ಹೋದೆ.
ರೊಟ್ಟಿ ಕೈಗೆ ತೆಗೆದುಕೊಂಡು,
ನನ್ನನ್ನಲ್ಲ, ನೇಗಿಲನ್ನು ನೋಡುತ್ತ ಕೇಳಿದ:
ಆ ಕಾಗದ ಇದೆಯೇ, ಒಡತಿ?

ಇದೆ, ಎಂದೆ.
ಸೂರಿನ ಮಾತು ತೆಗೆದೆ, ಬಿತ್ತನೆಯ ಮಾತು ತೆಗೆದೆ,
ಈ ಸಲ ಗೋಧಿಗೆ ಬೆಲೆ ಬಂದರೆ…

ಆಯ್, ಎಂದ ಕ್ವಾಕೊ.

ಕುದುರೆ ಆಗಲೇ ನಿಂತಿತ್ತು.